ದೀರ್ಘ ರಜೆಗೆ ಪಂಚಗಂಗಾ ಎಕ್ಸ್‌ಪ್ರೆಸ್: ಯಾವ ತಿಂಗಳು ಹತ್ತಬೇಕು, ಯಾವಾಗ ಬೇಡ

ಕೆಲಸ ಬೆಂಗಳೂರಿನಲ್ಲಿ, ಮನೆ ಭಟ್ಕಳದಿಂದ ಕಾರವಾರದವರೆಗಿನ ಯಾವುದಾದರೂ ಊರಿನಲ್ಲಿ ಇದ್ದವರಿಗೆ ಎರಡು ವಾರದ ರಜೆ ಎಂದಕೂಡಲೇ ನೆನಪಾಗುವುದು ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್. ಹೋಗುವಾಗ 16595, ಬರುವಾಗ 16596. ದಿನವೂ ಓಡುತ್ತದೆ. ಸಂಜೆ ಏಳರ ಆಸುಪಾಸಿಗೆ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಕುಮಟೆ, ಅಂಕೋಲೆ, ಕಾರವಾರ. ಈ ರೈಲಿಗೆ ಅಂಕ ಕೊಡಿ ಎಂದು ಕೇಳಿದರೆ ತಿಂಗಳು ಯಾವುದು ಎಂದು ಮೊದಲು ಕೇಳಬೇಕಾಗುತ್ತದೆ. ನವೆಂಬರ್‌ನಲ್ಲಿ ಐದಕ್ಕೆ ನಾಲ್ಕೂವರೆ, ಜುಲೈಯಲ್ಲಿ ಎರಡೂವರೆ. ಬೋಗಿ, ಹಳಿ, ಸಿಬ್ಬಂದಿ ಎಲ್ಲ ಒಂದೇ. ಆದರೆ ಘಟ್ಟ, ಮಳೆ, ಜನಸಂದಣಿ ಸೇರಿ ಈ ಸೇವೆಯ ಗುಣವನ್ನೇ ಬದಲಿಸಿಬಿಡುತ್ತವೆ. ಹಾಗಾಗಿ ರಜೆಯ ತಿಂಗಳನ್ನು ನಿಶ್ಚಯಿಸುವುದೂ ಈ ರೈಲನ್ನು ಅಳೆಯುವುದೂ ಒಂದೇ ಕೆಲಸ.

ಮೊದಲು ರೈಲಿನ ವಿಚಾರ. ಇದು ಕುಣಿಗಲ್, ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಮೇಲೆ ಇಳಿದು, ಮಂಗಳೂರು ನಗರದೊಳಗೆ ಹೋಗದೆ ಪಡೀಲಿನಿಂದ ನೇರ ಸುರತ್ಕಲ್ ಕಡೆಗೆ ತಿರುಗುತ್ತದೆ. ಇದರ ದೊಡ್ಡ ಗುಣ ಇದೇ. ಮಂಗಳೂರಿಗೆ ಹೋಗಿ ಎಂಜಿನ್ ತಿರುಗಿಸಿಕೊಂಡು ಬರುವ ರೈಲಿನಲ್ಲಿ ಉತ್ತರ ಕನ್ನಡದವರ ಸಮಯ ಸುಮ್ಮನೆ ಕಳೆದುಹೋಗುತ್ತಿತ್ತು. ಈಗ ರಾತ್ರಿ ಮಲಗಿದರೆ ಬೆಳಿಗ್ಗೆ ಊರು. ಜಿಲ್ಲೆಯೊಳಗೆ ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕಾರವಾರದಲ್ಲಿ ನಿಲ್ಲುತ್ತದೆ.

ದೌರ್ಬಲ್ಯವೂ ಈ ದಾರಿಯಲ್ಲೇ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ. ಇಳಿಜಾರು ಐವತ್ತಕ್ಕೆ ಒಂದು. ಇಲ್ಲಿ ರೈಲು ನಿಧಾನವಾಗಿಯೇ ಸಾಗಬೇಕು, ಏರುವಾಗ ಹೆಚ್ಚುವರಿ ಎಂಜಿನ್ ತಳ್ಳಬೇಕು. ಘಟ್ಟ ಇಳಿದ ಮೇಲೆ ಕೊಂಕಣ ರೈಲ್ವೆಯದು ಬಹುಪಾಲು ಒಂಟಿ ಹಳಿ, ಎದುರು ರೈಲು ದಾಟುವವರೆಗೆ ಕಾಯದೆ ಗತಿಯಿಲ್ಲ. ಸಾಲದ್ದಕ್ಕೆ ಒಂದೇ ರಾತ್ರಿಯಲ್ಲಿ ಈ ರೈಲು ನೈಋತ್ಯ, ದಕ್ಷಿಣ, ಕೊಂಕಣ ಎಂಬ ಮೂರು ಆಡಳಿತಗಳ ಕೈ ಬದಲಿಸುತ್ತದೆ. ಘಟ್ಟದಲ್ಲಿ ಅರ್ಧ ಗಂಟೆ ತಡವಾದರೆ ಮುಂದೆ ಅದಕ್ಕೆಂದು ಇಟ್ಟ ಕ್ರಾಸಿಂಗ್ ತಪ್ಪಿ ಕುಮಟೆಗೆ ಬರುವಾಗ ಒಂದು ಗಂಟೆ ಆಗಿರಬಹುದು. ಆದ್ದರಿಂದ ಬೆಳಿಗ್ಗೆ ಹತ್ತಕ್ಕೆ ಮದುವೆಯ ಮುಹೂರ್ತ ಅಥವಾ ಕಾಗದಪತ್ರದ ಕೆಲಸ ಇದ್ದರೆ ಹಿಂದಿನ ದಿನದ ರೈಲೇ ಸರಿ. ದೀರ್ಘ ರಜೆಯಲ್ಲಿ ಬಂದವರಿಗೆ ಈ ಒಂದು ಗಂಟೆ ಬಾಧಿಸುವುದಿಲ್ಲ. ಎರಡು ದಿನಕ್ಕೆ ಬಂದವರಿಗೆ ಬಾಧಿಸುತ್ತದೆ.

ಇನ್ನು ರಜೆಯ ಲೆಕ್ಕ. ಇದರಲ್ಲಿ ಬಹಳ ಜನ ದಿನಗಳನ್ನು ಕಳೆದುಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ರಾಜ್ಯ ಸರ್ಕಾರಿ ನೌಕರರಿಗೆ ಗಳಿಕೆ ರಜೆ ವರ್ಷಕ್ಕೆ 30 ದಿನ, ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಜಮೆಯಾಗುತ್ತದೆ. ಗಳಿಕೆ ರಜೆಯ ಮಧ್ಯೆ ಬರುವ ಭಾನುವಾರ, ಹಬ್ಬದ ರಜೆ ಎಲ್ಲವೂ ರಜೆಯ ಲೆಕ್ಕಕ್ಕೇ ಹೋಗುತ್ತವೆ. ಆದರೆ ಮುಂದೆ ಮತ್ತು ಹಿಂದೆ ಅಂಟಿಕೊಂಡ ರಜಾದಿನಗಳನ್ನು ಅನುಮತಿ ಪಡೆದು ಸೇರಿಸಿಕೊಳ್ಳಬಹುದು. ಸಾಂದರ್ಭಿಕ ರಜೆಯನ್ನು ಇದರ ಜೊತೆ ಜೋಡಿಸುವಂತಿಲ್ಲ. ಹೀಗಿರುವಾಗ ಹಬ್ಬಗಳು ರಜೆಯ ನಡುವೆ ಬೀಳುವಂತೆ ಯೋಜಿಸುವುದು ನಷ್ಟ, ತುದಿಗಳಲ್ಲಿ ಬೀಳುವಂತೆ ಯೋಜಿಸುವುದು ಲಾಭ.

ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುವುದರಿಂದ ಪ್ರತಿ ತಿಂಗಳೂ ಒಂದು ಕಿಟಕಿ ತಾನಾಗಿ ತೆರೆದುಕೊಳ್ಳುತ್ತದೆ. ಎರಡನೇ ಶನಿವಾರ, ಅದರ ಭಾನುವಾರ ಮುಂದೆ ಸೇರಿಸಿ. ಸೋಮವಾರದಿಂದ ಮರುವಾರದ ಶುಕ್ರವಾರದವರೆಗೆ 12 ದಿನ ಗಳಿಕೆ ರಜೆ ಹಾಕಿ. ಕೊನೆಗೆ ನಾಲ್ಕನೇ ಶನಿವಾರ ಮತ್ತು ಭಾನುವಾರ. ಒಟ್ಟು 16 ದಿನ. ಬ್ಯಾಂಕಿನವರಿಗೂ ಇದೇ ಎರಡು ಶನಿವಾರಗಳು ರಜೆ. ವಾರಕ್ಕೆ ಐದು ದಿನ ಕೆಲಸದ ಕಂಪನಿಯಲ್ಲಿ, ಮಧ್ಯದ ಶನಿವಾರ ಭಾನುವಾರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಇದೇ 16 ದಿನಕ್ಕೆ 10 ರಜೆ ಸಾಕು. ಒಂದನೇ ಶನಿವಾರದಿಂದ ಮೂರನೇ ಶನಿವಾರದವರೆಗೆ ಹೊಂದಿಸಿದರೆ ಸರ್ಕಾರಿ ನೌಕರರಿಗೆ ಈ ಎರಡು ತುದಿಗಳ ಲಾಭ ಸಿಗುವುದಿಲ್ಲ.

ಟಿಕೆಟ್ಟಿನ ಲೆಕ್ಕ ಇದರ ಮೇಲೆ ಕೂರಬೇಕು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ, ಪ್ರಯಾಣದ ದಿನವನ್ನು ಬಿಟ್ಟು ಎಣಿಸಬೇಕು. ಎರಡನೇ ಶನಿವಾರ ನವೆಂಬರ್ 14ಕ್ಕೆ ಬಿದ್ದರೆ ಆ ದಿನದ ಟಿಕೆಟ್ ಸೆಪ್ಟೆಂಬರ್ 15ರ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ನವೆಂಬರ್ 28ರ ವಾಪಸು ಟಿಕೆಟ್ ತೆರೆಯುವುದು ಸೆಪ್ಟೆಂಬರ್ 29ಕ್ಕೆ. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ಈ ಎರಡನೇ ದಿನವನ್ನು ಮರೆತು, ಕೊನೆಗೆ ವೇಟಿಂಗ್ ಲಿಸ್ಟ್ ಹಿಡಿದು ಕೂರುವವರು ಹೆಚ್ಚು. ಎರಡು ದಿನಕ್ಕೂ ಫೋನಿನಲ್ಲಿ ಅಲಾರಂ ಇಡಿ. ಬುಕಿಂಗ್ ತೆರೆದ ಮೊದಲ ಹೊತ್ತು ಆಧಾರ್ ದೃಢೀಕರಿಸಿದ ಖಾತೆಗಳಿಗೆ ಮೀಸಲು, ತತ್ಕಾಲಿಗೂ ಆಧಾರ್ ಬೇಕು. ಆ ಕೆಲಸವನ್ನು ಹಿಂದಿನ ವಾರವೇ ಮುಗಿಸಿಕೊಳ್ಳುವುದು ಕ್ಷೇಮ. ರಜೆಯ ಅರ್ಜಿ ಮೇಜಿನಿಂದ ಮೇಜಿಗೆ ಹೋಗಿ ಮಂಜೂರಾಗಿ ಬರಲು ಹತ್ತು ದಿನವಾದರೂ ಬೇಕೆಂದು ಇಟ್ಟುಕೊಂಡರೆ, ಪ್ರಯಾಣಕ್ಕೆ 70 ದಿನ ಮೊದಲು ಅರ್ಜಿ ಹೋಗಿರಬೇಕು. ಟಿಕೆಟ್ ಆದ ಮೇಲೆ ರಜೆ ಕೇಳುವುದು ಹಿಂದುಮುಂದಾದ ಕ್ರಮ.

ವಾರದ ದಿನವೂ ಮುಖ್ಯ. ಶುಕ್ರವಾರ ರಾತ್ರಿಯ ಬರ್ತ್‌ಗಳಿಗೆ ಗೋಕರ್ಣಕ್ಕೆ ಹೋಗುವ ಪ್ರವಾಸಿಗರೂ ಊರಿಗೆ ಹೋಗುವವರೂ ಒಟ್ಟಿಗೆ ಬೀಳುತ್ತಾರೆ. ಭಾನುವಾರ ಸಂಜೆ ಕಾರವಾರದಿಂದ ಹೊರಡುವ ರೈಲಿನದೂ ಅದೇ ಪಾಡು. ಎರಡು ವಾರದ ರಜೆ ಕೈಯಲ್ಲಿದ್ದವರು ಶನಿವಾರ ಅಥವಾ ಭಾನುವಾರ ರಾತ್ರಿ ಹೊರಟು, ನಾಲ್ಕನೇ ಶನಿವಾರ ಸಂಜೆ ವಾಪಸು ಹತ್ತಿದರೆ ಸೀಟೂ ಸಿಗುತ್ತದೆ, ಭಾನುವಾರ ಬೆಳಿಗ್ಗೆ ಬೆಂಗಳೂರು ಮುಟ್ಟಿ ಒಂದು ದಿನ ಸುಧಾರಿಸಿಕೊಳ್ಳಲೂ ಆಗುತ್ತದೆ. ವೇಟಿಂಗ್ ಲಿಸ್ಟ್ ಟಿಕೆಟ್ಟಿನಲ್ಲಿ ಸ್ಲೀಪರ್ ಅಥವಾ ಏಸಿ ಬೋಗಿಗೆ ಹತ್ತುವಂತಿಲ್ಲ. ಆನ್‌ಲೈನ್ ಟಿಕೆಟ್ ಚಾರ್ಟ್ ಆಗುವಾಗಲೂ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ. ಸಾಮಾನ್ಯ ಕೋಟಾದ ವೇಟಿಂಗ್ ಬೇಗ ಕರಗುತ್ತದೆ, ನಡುವಿನ ನಿಲ್ದಾಣಗಳ ಕೋಟಾದ್ದು ನಿಧಾನ.

ಈಗ ತಿಂಗಳುಗಳಿಗೆ ಬರೋಣ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ದೀರ್ಘ ರಜೆ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಮಳೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೈಲು, ರಸ್ತೆ, ಕಡಲು ಮೂರೂ ಒಟ್ಟಿಗೆ ಕೈಕೊಡುವ ಕಾಲ ಅದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಅದೇ ತಿಂಗಳ 26ಕ್ಕೆ ಸಕಲೇಶಪುರ ಘಟ್ಟದ ಯಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ, ಬೆಂಗಳೂರಿನಿಂದ ಕರಾವಳಿಗೆ ಬರುವ ರೈಲುಗಳು ಸುಮಾರು ಎರಡು ವಾರ ನಿಂತವು. ಆಗಸ್ಟ್ 7ಕ್ಕೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಎಲ್ಲ ವರ್ಷವೂ ಹೀಗಾಗುವುದಿಲ್ಲ. ಆದರೆ ಹದಿನಾರು ದಿನದ ರಜೆಯನ್ನು ಪಣಕ್ಕಿಡಲು ಅಷ್ಟು ಅಪಾಯವೇ ಸಾಕು. ರೈಲ್ವೆಯೇ ರೈಲು ರದ್ದು ಮಾಡಿದರೆ ಹಣ ಪೂರ್ತಿ ವಾಪಸು ಬರುತ್ತದೆ, ಕಳೆದುಹೋದ ರಜೆ ಬರುವುದಿಲ್ಲ.

ಕೊಂಕಣ ರೈಲ್ವೆ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇಡುತ್ತದೆ. ಹಲವು ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20. ಜೋರು ಮಳೆಯಲ್ಲಿ ಮುಂದಿನದು ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂದು ಚಾಲಕರಿಗೆ ಸೂಚನೆ ಇರುತ್ತದೆ. ಪ್ರಯಾಣಿಕರ ಜೀವದ ದೃಷ್ಟಿಯಿಂದ ಅದು ಸರಿಯಾದದ್ದೇ. ಮಳೆಗಾಲದಲ್ಲಿ ಬಂದೇ ಬರಬೇಕಾದವರು ಹೋಗುವಾಗ ಒಂದು, ಬರುವಾಗ ಎರಡು ದಿನ ಸಡಿಲು ಇಟ್ಟುಕೊಳ್ಳಿ, ಟಿಕೆಟ್ ಮೇಲಿನ ಸಮಯವನ್ನು ಹಿಂದಿನ ದಿನ ಮತ್ತೊಮ್ಮೆ ನೋಡಿಕೊಳ್ಳಿ.

ಮೀನಿನ ಆಸೆಯಿಂದ ಬರುವವರಿಗೂ ಈ ಕಾಲ ಸಲ್ಲದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಯವರು ಹಿಡಿದದ್ದು, ಹೊಳೆ ಮೀನು, ಬಳಚು ಎಂಬ ಚಿಪ್ಪುಮೀನು ಸಿಗುತ್ತವೆ. ಇಸವಾಣ (ಅಂಜಲ್ ಮೀನು) ಬೇಕೆಂದರೆ ದರ ಕೇಳಿಯೇ ಹೊಟ್ಟೆ ತುಂಬುತ್ತದೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಡೈವಿಂಗ್ ನಿಂತಿರುತ್ತದೆ, ಗೋಕರ್ಣದ ಕಡಲತೀರದ ಎಷ್ಟೋ ಗುಡಿಸಲು ಹೋಟೆಲುಗಳು ಬಿಚ್ಚಿರುತ್ತವೆ, ಸಮುದ್ರಕ್ಕೆ ಇಳಿಯುವುದಂತೂ ಜೀವಕ್ಕೆ ಅಪಾಯ.

ನೀರು ತುಂಬಿದ ಜಲಪಾತ ನೋಡಲೇಬೇಕು ಎಂದರೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮೊದಲ ಭಾಗ ಒಳ್ಳೆಯದು. ಉಂಚಳ್ಳಿ, ಮಾಗೋಡು, ಸಾತೊಡ್ಡಿಯಲ್ಲಿ ನೀರೂ ಇರುತ್ತದೆ, ಮಂಜು ಸರಿದು ಜಲಪಾತ ಕಣ್ಣಿಗೂ ಬೀಳುತ್ತದೆ. ಜುಲೈಯಲ್ಲಿ ಸದ್ದು ಕೇಳಿ ವಾಪಸು ಬರುವವರೇ ಜಾಸ್ತಿ. ಉಂಬಳಗಳು (ಕಾಡಿನ ಜಿಗಣೆಗಳು) ಆಗಲೂ ಇರುತ್ತವೆ. ಕಾಲಿಗೆ ಸುಣ್ಣ, ತಂಬಾಕು ನೀರು ಅಥವಾ ಬೇವಿನೆಣ್ಣೆ ಹಚ್ಚಿಕೊಂಡು ಕಾಡಿಗೆ ಇಳಿಯಿರಿ. ಕಚ್ಚಿದ್ದನ್ನು ಕಿತ್ತೆಳೆಯಬೇಡಿ, ಉಪ್ಪು ಮುಟ್ಟಿಸಿದರೆ ಬಿಡುತ್ತದೆ.

ದಸರಾ ಮತ್ತು ದೀಪಾವಳಿ ವಾರಗಳಲ್ಲಿ ಟಿಕೆಟ್ ಕಷ್ಟ. ಹಬ್ಬದ ವಿಶೇಷ ರೈಲುಗಳ ಘೋಷಣೆ ತಡವಾಗಿ ಬರುತ್ತದೆ, ದರವೂ ಹೆಚ್ಚು. ಅವುಗಳನ್ನೇ ನಂಬಿ ರಜೆ ಹಾಕಬಾರದು.

ನಮ್ಮ ಆಯ್ಕೆ ದೀಪಾವಳಿ ಮುಗಿದ ನಂತರದ ನವೆಂಬರ್. ಎರಡನೇ ಶನಿವಾರದಿಂದ ನಾಲ್ಕನೇ ಶನಿವಾರದ ಕಿಟಕಿ ಇಲ್ಲಿ ಚೆನ್ನಾಗಿ ಕೂರುತ್ತದೆ. ದೀಪಾವಳಿ ಅಕ್ಟೋಬರ್‌ನಲ್ಲೇ ಮುಗಿದ ವರ್ಷ ಇನ್ನೂ ಸಲೀಸು. ಮಳೆಗಾಲದ ವೇಳಾಪಟ್ಟಿ ಮುಗಿದು ರೈಲು ತನ್ನ ಸಹಜ ವೇಗಕ್ಕೆ ಮರಳಿರುತ್ತದೆ. ಶಾಲೆಗಳು ನಡೆಯುತ್ತಿರುವುದರಿಂದ ನೂಕುನುಗ್ಗಲು ಕಡಿಮೆ. ಕಡಲು ಶಾಂತವಾಗಿ ಬಂಗಡೆ, ಶೆಟ್ಲಿ (ಸಿಗಡಿ), ಇಸವಾಣ ದಿನವೂ ಬಂದರಿಗೆ ಬರುತ್ತವೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಕಾಲವೂ ಇದೇ, ಕುಮಟಾ ಹೊನ್ನಾವರದ ಬಯಲುಗಳಲ್ಲಿ ರಾತ್ರಿಯ ಆಟ ಸಿಗುತ್ತದೆ. ಘಟ್ಟದ ಮೇಲೆ ಮನೆ ಇದ್ದವರಿಗೆ ಇನ್ನೊಂದು ಕಾರಣ: ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಸಿಗದೆ ಒದ್ದಾಡುವ ಹಿರಿಯರಿಗೆ ಎರಡು ವಾರ ಮನೆಯ ಹುಡುಗರು ಪಕ್ಕದಲ್ಲಿ ನಿಂತರೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ಕೊನೆ ಇಳಿಸುವುದು ಕಲಿತವರ ಕೆಲಸ, ಆದರೆ ಹೊರುವುದು, ಬೇಯಿಸುವುದು, ಹರವುವುದು, ರಾತ್ರಿ ಸುಲಿಯಲು ಕೂರುವುದು ಎಲ್ಲರ ಕೈಲೂ ಆಗುತ್ತದೆ. ಹೋಂಸ್ಟೇಗೆ ಬರುವ ಪ್ರವಾಸಿಗರು ಮಾತ್ರ ಮನೆಯವರು ಈ ದಿನಗಳಲ್ಲಿ ಬಿಡುವಿಲ್ಲದೆ ಇರುತ್ತಾರೆಂದು ತಿಳಿದು ಮೊದಲೇ ಮಾತಾಡಿಕೊಳ್ಳಬೇಕು.

ಡಿಸೆಂಬರ್ 20ರಿಂದ ಜನವರಿ 2ರವರೆಗೆ ಬೇಡ. ಗೋಕರ್ಣ, ಮುರ್ಡೇಶ್ವರದ ಕೋಣೆಗಳ ಬಾಡಿಗೆ ಏರಿರುತ್ತದೆ, ಇದೇ ಹಳಿಯಲ್ಲಿ ಗೋವಾಕ್ಕೆ ಹೋಗುವ ರೈಲುಗಳೂ ತುಂಬಿರುತ್ತವೆ. ಜನವರಿಯ ಎರಡನೇ ವಾರದ ನಂತರ ಮತ್ತೆ ಒಳ್ಳೆಯ ದಿನಗಳು ಶುರು. ಶಿರಸಿ, ಸಿದ್ದಾಪುರದ ಕಡೆ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ ಹೂಡಿರುತ್ತಾರೆ, ಕಬ್ಬಿನ ಹಾಲು, ಬಿಸಿ ಬೆಲ್ಲ, ತೆಳು ಹಾಳೆಯಂಥ ಸಿಹಿತಿಂಡಿ ತೊಡೆದೇವು. ಫೆಬ್ರವರಿ ನಮ್ಮ ಎರಡನೇ ಆಯ್ಕೆ, ಆದರೆ ಎರಡು ಸಂಗತಿ ನೋಡಿಕೊಳ್ಳಬೇಕು. ಮಹಾಶಿವರಾತ್ರಿಯ ಹಿಂದುಮುಂದಿನ ದಿನಗಳಲ್ಲಿ ಗೋಕರ್ಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2020, 2022, 2024ರಲ್ಲಿ ನಡೆದದ್ದು, ಅಂದರೆ ಸರಿ ಸಂಖ್ಯೆಯ ವರ್ಷಗಳಲ್ಲಿ ಫೆಬ್ರವರಿ ಕೊನೆ ಅಥವಾ ಮಾರ್ಚಿನಲ್ಲಿ. ಜಾತ್ರೆಗೇ ಬರುವವರು ದಿನಾಂಕ ಪ್ರಕಟವಾದ ಕೂಡಲೇ ರಜೆ ಹಾಕಬೇಕು, ಲಾಡ್ಜು ನಂಬದೆ ನೆಂಟರ ಮನೆ ಕೇಳಬೇಕು. ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಶಿರಸಿಯಲ್ಲಿ ಬೇಡರ ವೇಷ ಎಂಬ ಜನಪದ ಕುಣಿತ. ಅಂಕೋಲೆಯ ಕಡೆ ಅದೇ ಸಮಯಕ್ಕೆ ಹಾಲಕ್ಕಿ ಒಕ್ಕಲಿಗ ಸಮುದಾಯದವರ ಸುಗ್ಗಿ ಕುಣಿತ. ಆದರೆ ಬ್ಯಾಂಕು, ಖಜಾನೆ, ಲೆಕ್ಕಪತ್ರ ವಿಭಾಗದವರಿಗೆ ಮಾರ್ಚಿನಲ್ಲಿ ದೀರ್ಘ ರಜೆ ಮಂಜೂರಾಗುವುದು ಕಷ್ಟ, ಅವರು ಫೆಬ್ರವರಿಯಲ್ಲೇ ಮುಗಿಸಿಕೊಳ್ಳಲಿ.

ಮಕ್ಕಳಿರುವವರಿಗೆ ಏಪ್ರಿಲ್ 10ರ ಆಸುಪಾಸಿನಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ ಬಿಟ್ಟರೆ ಬೇರೆ ದಾರಿಯಿಲ್ಲ. ಸೆಕೆ ವಿಪರೀತ, ಬೆವರು ಆರುವುದಿಲ್ಲ, ಕೆಲವು ಕಡೆ ಬಾವಿಯ ನೀರು ತಳ ಕಂಡಿರುತ್ತದೆ. ಮದುವೆ, ಉಪನಯನಗಳ ಕಾಲವಾದ್ದರಿಂದ ರೈಲೂ ಭರ್ತಿ. ಆದರೆ ಹಣ್ಣಿನ ಕಾಲವೂ ಇದೇ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಸಿಪ್ಪೆ ತೆಳು, ರಸ ಜಾಸ್ತಿ, ದೂರ ಸಾಗಿಸಿದರೆ ಕೆಡುತ್ತದೆ, ಹಾಗಾಗಿ ಅದನ್ನು ಊರಿನಲ್ಲೇ ತಿನ್ನಬೇಕು. ಹಣ್ಣು ಬೇಕೆಂದರೆ ಮೇ ತಿಂಗಳು. ಟಿಕೆಟ್ ಸುಲಭವಾಗಬೇಕೆಂದರೆ ಏಪ್ರಿಲ್ ಮಧ್ಯದಲ್ಲಿ ಬಂದು ಮೇ ಮೊದಲ ವಾರದೊಳಗೆ ವಾಪಸಾಗುವುದು. ಎರಡೂ ಒಟ್ಟಿಗೆ ಸಿಗುವುದು ಕಷ್ಟ.

ಇಳಿಯುವ ನಿಲ್ದಾಣವನ್ನು ಯೋಚಿಸಿ ಆರಿಸಿ. ಕೊಂಕಣ ರೈಲ್ವೆಯ ನಿಲ್ದಾಣಗಳು ಹೆಚ್ಚಿನವು ಪೇಟೆಯಿಂದ ದೂರ. ಕಾರವಾರದ ನಿಲ್ದಾಣ ಇರುವುದು ಶಿರವಾಡದಲ್ಲಿ. ಗೋಕರ್ಣ ರೋಡ್ ನಿಲ್ದಾಣ ಮಾದನಗೇರಿ ಹತ್ತಿರ, ಗೋಕರ್ಣ ಪೇಟೆಗೆ ಸುಮಾರು 10 ಕಿಲೋಮೀಟರ್. ಬೆಳಿಗ್ಗೆ ರಿಕ್ಷಾ ಸಿಗುತ್ತದೆ, ಹತ್ತುವ ಮೊದಲು ದರ ಮಾತಾಡಿಕೊಳ್ಳಿ. ಸಾಮಾನು ಕಡಿಮೆ ಇದ್ದವರು ಕುಮಟೆಯಲ್ಲಿ ಇಳಿದರೆ ಬಸ್ ನಿಲ್ದಾಣ ಹತ್ತಿರ, ಅಲ್ಲಿಂದ ಗೋಕರ್ಣಕ್ಕೂ ಶಿರಸಿಗೂ ಬಸ್ಸು, ಟೆಂಪೊ ಇವೆ. ಭಟ್ಕಳದವರಿಗೆ ಬೆಳಕು ಹರಿಯುವ ಮೊದಲೇ ಊರು ಬಂದುಬಿಡುತ್ತದೆ, 139ಕ್ಕೆ ಕರೆ ಮಾಡಿ ಎಚ್ಚರಿಸುವ ಸೌಲಭ್ಯ ಪಡೆಯಬಹುದು. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಅಲ್ಲಿಂದ ಮುಂದೆ ಉತ್ತರಕ್ಕೆ ಹೋಗುವಾಗ ಕಡಲಿನ ದಿಕ್ಕು ಎಡಕ್ಕೆ, ಘಟ್ಟ ಬಲಕ್ಕೆ.

ಊಟ ಕಟ್ಟಿಕೊಂಡೇ ಹತ್ತಿ. ಹಾಸನ ದಾಟುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಘಟ್ಟದಲ್ಲಿ ಏನೂ ಸಿಗುವುದಿಲ್ಲ, ಫೋನಿನ ಸಿಗ್ನಲ್ಲೂ ಇರುವುದಿಲ್ಲ. ನವೆಂಬರ್‌ನಿಂದ ಜನವರಿಯವರೆಗೆ ಸ್ಲೀಪರ್‌ನಲ್ಲಿ ಸಕಲೇಶಪುರದ ಚಳಿ ಕಿಟಕಿಯ ಸಂದಿಯಿಂದ ಬರುತ್ತದೆ, ಒಂದು ದಪ್ಪ ಹೊದಿಕೆ ಇರಲಿ. ಹೊದಿಕೆ, ದಿಂಬು ಏಸಿ ಬೋಗಿಯಲ್ಲಿ ಮಾತ್ರ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿಗೆ ಆದ್ಯತೆ ಇದೆ. ಆದರೆ ಆ ಬರ್ತುಗಳೂ ಬೇಗ ಮುಗಿಯುತ್ತವೆ, ಹಿರಿಯರಿದ್ದರೆ 60ನೇ ದಿನವೇ ಬುಕ್ ಮಾಡಿ. ಘಟ್ಟವನ್ನು ಹಗಲಲ್ಲಿ ನೋಡುವ ಆಸೆ ಇದ್ದವರಿಗೆ ಯಶವಂತಪುರ–ಕಾರವಾರ ಹಗಲು ರೈಲು ವಾರಕ್ಕೆ ಮೂರು ದಿನ ಇದೆ. 2025ರಲ್ಲಿ ಘಟ್ಟದ ಕಾಮಗಾರಿಗಾಗಿ ಅದನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು, ಆದ್ದರಿಂದ ಓಡುತ್ತಿದೆಯೇ ಎಂದು ನೋಡಿಯೇ ಯೋಜನೆ ಹಾಕಿ.

ಶಿರಸಿ, ಸಿದ್ದಾಪುರದವರಿಗೆ ಪಂಚಗಂಗಾ ಸುತ್ತು ದಾರಿ. ಕುಮಟೆಯಲ್ಲಿ ಇಳಿದು ದೇವಿಮನೆ ಘಟ್ಟ ಹತ್ತಿ ಸುಮಾರು 60 ಕಿಲೋಮೀಟರ್ ಹೋಗಬೇಕು. ಮಳೆಗಾಲದಲ್ಲಿ ಆ ಘಟ್ಟದಲ್ಲೂ ಗುಡ್ಡ ಜಾರುತ್ತದೆ, ಹೆದ್ದಾರಿ ಕೆಲಸಕ್ಕಾಗಿ ಬಹುದಿನ ಮುಚ್ಚಿದ್ದೂ ಉಂಟು. ಅದರ ಬದಲು ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಹಿಡಿದರೆ ಬೆಳಿಗ್ಗೆ ಜೋಗದ ಹತ್ತಿರವೇ ಇಳಿದು, ಸಿದ್ದಾಪುರದ ಮೇಲೆ ಬಸ್ಸಿನಲ್ಲಿ ಶಿರಸಿ ಸೇರಬಹುದು. ಹಾವೇರಿಯಲ್ಲಿ ಇಳಿದು ಶಿರಸಿ ಬಸ್ಸು ಹತ್ತುವುದೂ ಒಂದು ದಾರಿ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸಾರಿಗೆ ಬಸ್ಸಿನಲ್ಲಿ ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಿಗುತ್ತದೆ, ಗುರುತಿನ ಚೀಟಿ ಕೈಯಲ್ಲಿರಲಿ. ಕರಾವಳಿ ಮತ್ತು ಘಟ್ಟದ ಮೇಲು ಎರಡನ್ನೂ ನೋಡುವವರು ಪಂಚಗಂಗೆಯಲ್ಲಿ ಬಂದು ತಾಳಗುಪ್ಪದಿಂದ ವಾಪಸು ಹೋಗುವಂತೆ ಎರಡು ಬೇರೆ ಟಿಕೆಟ್ ಮಾಡಿದರೆ ಒಂದೇ ಘಟ್ಟವನ್ನು ಎರಡು ಸಲ ಹತ್ತಿ ಇಳಿಯುವ ದಿನ ಉಳಿಯುತ್ತದೆ.

ವಾಪಸು ಬರುವಾಗ ಜೋನಿಬೆಲ್ಲವನ್ನು (ದ್ರವ ಬೆಲ್ಲ) ಪ್ಲಾಸ್ಟಿಕ್ ಬಾಟಲಿಯಲ್ಲಿ ತರಬೇಡಿ, ರಾತ್ರಿಯ ಕುಲುಕಾಟಕ್ಕೆ ಮುಚ್ಚಳ ಸಡಿಲಾಗಿ ಸೋರುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಮುಕ್ಕಾಲು ಭಾಗ ಮಾತ್ರ ತುಂಬಿ, ನೆಟ್ಟಗೆ ನಿಲ್ಲುವಂತೆ ಕೆಳಗಿನ ಬರ್ತಿನ ಅಡಿ ಮೂಲೆಗೆ ಒತ್ತಿ ಇಡಿ. ಒಣಮೀನನ್ನು ಚೆನ್ನಾಗಿ ಬಿಸಿಲು ಕಾಣಿಸಿ, ಕಾಗದದಲ್ಲಿ ಸುತ್ತಿ, ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿದರೆ ಪಕ್ಕದ ಬರ್ತಿನವರಿಗೆ ತೊಂದರೆಯಿಲ್ಲ.